ಅದೇ ಪಾರಿವಾಳ ಇನ್ನೊಂದು ಸಲ

ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುವವನಿಗೆ ನಗೆಪ್ರಸಂಗಗಳ ಬರ ಇರುವುದಿಲ್ಲ. ಆದರೆ ಅವುಗಳಲ್ಲಿ ನಗೆಪಾಟಲಾಗುವುದು ಬಹುಪಾಲು ನಾನೇ.

೧. ಬರಿಗಾಲಿನ ಪಾಠ

ಅಂಡಾಣು, ವೀರ್ಯಾಣು ತಯಾರಾಗುವಾಗ ಕ್ರೋಮೋಸೋಮಿನ ಪ್ರತಿ ಜೋಡಿಯೂ ಬೇರೆಯಾಗುತ್ತದೆ. ಅಮ್ಮನಿಂದ ಬಂದದ್ದು ಒಂದು ಬದಿಗೆ, ಅಪ್ಪನಿಂದ ಬಂದದ್ದು ಇನ್ನೊಂದು ಬದಿಗೆ. ಯಾವುದು ಯಾವ ಬದಿಗೆ ಎಂದು ಒಂದು ಜೋಡಿ ಇನ್ನೊಂದನ್ನು ಕೇಳುವುದಿಲ್ಲ. ಇದನ್ನು ತೋರಿಸಲು ಇಡೀ ಕ್ಲಾಸಿನ ಶೂ ಬಿಚ್ಚಿಸಿದೆ, ನನ್ನದೂ ಬಿಚ್ಚಿದೆ. ಎಡಗಾಲಿನದು ಅಮ್ಮ, ಬಲಗಾಲಿನದು ಅಪ್ಪ. ಒಬ್ಬೊಬ್ಬರೂ ನಾಣ್ಯ ಚಿಮ್ಮಿ ಒಂದು ಶೂವನ್ನು ಕಿಟಕಿ ಕಡೆಗೆ, ಇನ್ನೊಂದನ್ನು ಬಾಗಿಲ ಕಡೆಗೆ ಹಾಕಬೇಕು. ಎಷ್ಟು ಸಲ ಹಾಕಿದರೂ ಗುಡ್ಡೆಯ ಬೆರಕೆ ಬೇರೆ ಬೇರೆ.

"ಮಗಾ, ನಿಮ್ಮಪ್ಪ ವಾಸನೆ ಹೊಡೀತಾವ್ರೆ ಕಣೋ" ಎಂದು ಹಿಂದಿನ ಬೆಂಚು ಹೇಳಿತು.

ಅಷ್ಟರಲ್ಲಿ ಬೆಲ್ ಆಯಿತು. ಮುಂದಿನ ಪೀರಿಯಡ್ಡಿನ ಕೆಮಿಸ್ಟ್ರಿ ಮೇಷ್ಟ್ರು ಬಾಗಿಲಲ್ಲಿ ನಿಂತು, ಬರಿಗಾಲಿನ ಕ್ಲಾಸನ್ನೂ ಬರಿಗಾಲಿನ ನನ್ನನ್ನೂ ನೋಡಿದರು. "ಪೂಜೆ ಅಂತ ಯಾರೂ ಹೇಳ್ಲೇ ಇಲ್ವಲ್ರೀ" ಎಂದು ತಮ್ಮ ಶೂನೂ ಬಿಚ್ಚಿ, ಕೈಮುಗಿದು ಒಳಗೆ ಬಂದರು.

೨. ದಾರಿ ನೋಡುವುದು

ನಮ್ಮ ಪಕ್ಕದ ಮನೆಯ ಭಾಯಿಗೆ ಶಿವಾಜಿನಗರದಲ್ಲಿ ಪಾತ್ರೆ ಅಂಗಡಿ, ತಾರಸಿಯ ಮೇಲೆ ಪಾರಿವಾಳ. ಅವುಗಳಲ್ಲೊಂದು ಹೆಣ್ಣು, ಬಿಳಿ ಮೈ, ಕಪ್ಪು ಬಾಲ, ತಲೆಯ ಮೇಲೆ ಕಪ್ಪು ಟೋಪಿ, ದಿನಾ ಸಂಜೆ ನಮ್ಮ ತಾರಸಿಗೆ ಬಂದು ನನ್ನ ಭುಜದ ಮೇಲೆ ಕೂರುತ್ತಿತ್ತು. ಕನ್ನಡಕದ ದಾರ ಎಳೆಯುತ್ತಿತ್ತು. ಒಂದು ಸಂಜೆ ಹಾರಿದ್ದು ವಾಪಸು ಬರಲಿಲ್ಲ. ಒಂದು ಹಕ್ಕಿಗೆ ಇಷ್ಟು ಹಂಬಲಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಸಂಜೆಯಾದರೆ ಆಕಾಶ ನೋಡುತ್ತಾ ನಿಲ್ಲುತ್ತಿದ್ದೆ.

ಹೆಂಡತಿ ಕೆಲವು ದಿನ ಇದನ್ನು ನೋಡಿದಳು. ಆಮೇಲೆ ಕೇಳಿದಳು: "ನಾನು ತವರಿಗೆ ಹೋದಾಗ ಇದರಲ್ಲಿ ಕಾಲು ಭಾಗನಾದ್ರೂ ದಾರಿ ನೋಡಿದ್ರಾ?"

೩. ಭಾಯಿಯ ಲೆಕ್ಕ

ಆ ಪಾರಿವಾಳದ ಅಪ್ಪ ಅಮ್ಮ ಇನ್ನೂ ಭಾಯಿಯ ಗೂಡಿನಲ್ಲೇ ಇದ್ದವು. "ಅದೇ ಜೋಡಿಯಿಂದ ಅಂಥದೇ ಒಂದು ಮರಿ ಮಾಡಿಸಿಕೊಡಿ ಭಾಯ್" ಎಂದು ಬೇಡಿಕೊಂಡೆ.

"ನೀವೇ ಬಯಾಲಜಿ ಸಾರ್. ಆಗತ್ತಾ?"

ಆಗುವುದು ಕಷ್ಟವೆಂದು ನಾನೇ ಒಪ್ಪಿಕೊಂಡೆ. ಪಾರಿವಾಳಕ್ಕೆ ನಲವತ್ತು ಜೋಡಿ ಕ್ರೋಮೋಸೋಮು. ಒಂದೊಂದು ಜೋಡಿಯೂ ತನ್ನಿಷ್ಟಕ್ಕೆ ಹಂಚಿಕೊಂಡರೆ, ಒಂದೇ ಹಕ್ಕಿಯಿಂದ ಲಕ್ಷ ಕೋಟಿಗೂ ಮೀರಿದ ಬಗೆ ಎಂದು ಲೆಕ್ಕವನ್ನೂ ಹೇಳಿದೆ. ಇಷ್ಟು ಗೊತ್ತಿದ್ದೂ ಎರಡು ಮೊಟ್ಟೆ ಇಟ್ಟ ದಿನದಿಂದ ನಾನು ಗೂಡಿನ ಮುಂದೆಯೇ ಇದ್ದೆ. ಪುಕ್ಕ ಬಂದಾಗ ನೋಡಿದರೆ ಒಂದು ಮರಿ ಬೂದು, ಇನ್ನೊಂದು ಚುಕ್ಕೆ ಚುಕ್ಕೆ.

ನನ್ನ ಮುಖ ನೋಡಿ ಭಾಯಿ ಸಮಾಧಾನ ಹೇಳಿದರು: "ಅರೆ ಸಾರ್, ಯಾಕೆ ಬೇಜಾರು? ನಿಮ್ಮ ಲಕ್ಷ ಕೋಟೀಲಿ ಎರಡು ಕಳೀರಿ."

೪. ಕೊನೆಗೂ ಬಂದದ್ದು

ಒಂದೊಂದು ಮರಿ ಬಂದಾಗಲೂ ಭಾಯಿ ಕಳೆಯುತ್ತಾ ಹೋದರು, ನಾನು ಕಾಯುತ್ತಾ ಹೋದೆ. ಕೊನೆಗೆ ಒಂದು ಬೆಳಿಗ್ಗೆ ಭಾಯಿ ಕೂಗಿದರು. ಬಿಳಿ ಮೈ, ಕಪ್ಪು ಬಾಲ, ಕಪ್ಪು ಟೋಪಿ. ಒಳಗೆ ಎಷ್ಟೋ ಜೋಡಿ ಬೇರೆಯಾಗಿ ಹಂಚಿರುತ್ತವೆ, ಗೊತ್ತು. ಆದರೆ ಕಣ್ಣಿಗೆ ಅದೇ ಹಕ್ಕಿ. ನನ್ನ ಕಣ್ಣು ತುಂಬಿ ಬಂತು.

ಅದು ಚೆನ್ನಾಗಿ ಹಾರುವುದು ಕಲಿತ ಮೇಲೆ, ಒಂದು ಸಂಜೆ ಭುಜದ ಮೇಲೆ ಜೋಳ ಇಟ್ಟುಕೊಂಡು ತಾರಸಿಯಲ್ಲಿ ನಿಂತೆ. ಭಾಯಿ ಬಿಟ್ಟರು. ಅದು ನೇರ ಬಂದು ಗೋಡೆಯ ಮೇಲೆ ಕೂತು, ನನ್ನನ್ನು ಅಪರಿಚಿತನನ್ನು ನೋಡುವ ಹಾಗೆ ನೋಡಿ, ತಿರುಗಿ ಗೂಡಿಗೆ ಹೋಯಿತು.

"ಟೋಪಿ, ಬಾಲ ಎಲ್ಲಾ ಬಂತು" ಎಂದಳು ಬಟ್ಟೆ ಒಣಹಾಕುತ್ತಿದ್ದ ಹೆಂಡತಿ. "ನಿಮ್ಮ ಗುರುತು ಯಾವ ಜೋಡೀಲಿ ಬರ್ಬೇಕಿತ್ತು?"

ಯಾವ ಜೋಡಿಯಲ್ಲೂ ಬರುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಭುಜದ ಜೋಳ ತೆಗೆಯಲು ಮನಸ್ಸು ಬರಲಿಲ್ಲ. ಹಾಗೇ ನಿಂತೆ.

ಅವಳು ಹತ್ತಿರ ಬಂದು ಜೋಳದ ಕಾಳು ಕೊಡವಿ, ಒದ್ದೆ ಟವೆಲನ್ನು ನನ್ನ ಭುಜದ ಮೇಲೆ ಹರಡಿದಳು.

"ಹೇಗೂ ಕತ್ತಲಾಗೋವರೆಗೂ ನಿಂತಿರ್ತೀರಲ್ಲ" ಎಂದಳು. "ಒಣಗಲಿ."