ಇಂಗಾಲ ಹೂಳುವ ನೌಕರಿ

ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಇದ್ದಿಲು ಹೂಳಿಸುವ ಕೆಲಸಕ್ಕೆ ಸೇರಿದವನಿಗೆ ನಗೆಯ ಪ್ರಸಂಗಗಳ ಕೊರತೆಯಾಗುವುದಿಲ್ಲ. ಅಡಿಕೆ ಸಿಪ್ಪೆಯನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಸುಟ್ಟು, ಇದ್ದಿಲು ಮಾಡಿ ಗದ್ದೆಗೆ ಸೇರಿಸಿದರೆ, ಮರ ಗಾಳಿಯಿಂದ ಹೀರಿದ ಇಂಗಾಲ ನೂರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ಉಳಿಸಿದ್ದಕ್ಕೆ ನಮ್ಮ ಕಂಪನಿ ದೂರದ ಕಾರ್ಖಾನೆಗಳಿಗೆ ಪ್ರಮಾಣಪತ್ರ ಮಾರುತ್ತದೆ. ಕಾರ್ಖಾನೆಗಳು ನಿಶ್ಚಿಂತೆಯಿಂದ ಹೊಗೆ ಬಿಡುತ್ತವೆ. ಇದನ್ನು ನಾನು ನಗೆಯ ಪ್ರಸಂಗಗಳಲ್ಲಿ ಸೇರಿಸಿಲ್ಲ.

ತಂತ್ರಜ್ಞಾನ

ಭಂಡಿಗಡಿ ಎಂಬ ಊರಿನ ರೈತರ ಸಭೆಯಲ್ಲಿ ಅರ್ಧ ಗಂಟೆ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದೆ. ಮುಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತರು. ಗುಡ್ಡದ ಬುಡದ ಒಂದೇ ಒಂದು ಗದ್ದೆ ಅವರ ಆಸ್ತಿ.

“ಇದು ನಮ್ಮ ಸುಡುಮಣ್ಣೇ ಅಲ್ವಾ ಮಾರಾಯ? ತರಗೆಲೆ ಮೇಲೆ ಮಣ್ಣು ಮುಚ್ಚಿ ಸುಡೂದು?”

“ಹೆಚ್ಚುಕಡಿಮೆ ಅದೇ ಅಕ್ಕ. ಆದರೆ ಇದಕ್ಕೆ ಆ್ಯಪ್ ಇದೆ.”

“ಹಂಗಾರೆ ನಮ್ಮಜ್ಜಿ ಮಾಡಿದ್ದು ಲೆಕ್ಕಕ್ಕಿಲ್ಲ ಬಿಡು. ಪಾಪ, ಅವಳಿಗೆ ಫೋನಿರ್ಲಿಲ್ಲ.”

ಸ್ನಾನ

ಯೋಜನೆಗೆ ಮೊದಲು ಹೆಸರು ಬರೆಸಿದವರೂ ಆ ಅಕ್ಕನೇ. ಆಷಾಢದಲ್ಲಿ ತಪಾಸಣೆಗೆ ಹೋದವನು ತೊಯ್ದು ತೊಪ್ಪೆಯಾಗಿದ್ದೆ. ಮಾತಿಗೆ ಮೊದಲು ಅಕ್ಕ ನನ್ನನ್ನು ಬಚ್ಚಲಿಗೆ ಕಳುಹಿಸಿದರು. ಹಂಡೆಯ ನೀರು ಹಬೆಯಾಡುತ್ತಿತ್ತು.

“ಈ ಮಳೆಯಲ್ಲೂ ಇಷ್ಟು ಬಿಸಿನೀರು! ಯಾವ ಕಟ್ಟಿಗೆ ಅಕ್ಕ?”

“ಕಟ್ಟಿಗೆ ಎಲ್ಲಿ ಒಣಗಿದೆ? ನಿಂದೇ ಇದ್ದಿಲು. ಅರ್ಧ ಮಾತ್ರ ಗದ್ದೆಗೆ ಹಾಕ್ದೆ. ಇಷ್ಟು ಒಳ್ಳೇದನ್ನ ಪೂರಾ ಮಣ್ಣುಪಾಲು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಗಾಳಿಯಿಂದ ತೆಗೆದ ಇಂಗಾಲವನ್ನು ಗಾಳಿಗೇ ಹಿಂದಿರುಗಿಸಿ, ನಾನು ತಲೆ ಒರೆಸಿಕೊಂಡೆ.

ಫೋಟೊ

ಅಂದೇ ಅವರು ನನ್ನನ್ನು ಗದ್ದೆಯ ಮೇಲಿನ ಗುಡ್ಡಕ್ಕೆ ಕರೆದೊಯ್ದರು. ಇಳಿಜಾರಿಗೆ ಅಡ್ಡಲಾಗಿ ನೆಲ ಸೀಳಿತ್ತು.

“ಮುಂಚೆ ತಿಂಗಳಿಡೀ ಬರ್ತಿದ್ದ ಮಳೆ ಈಗ ಎರಡೇ ದಿನಕ್ಕೆ ಸುರೀತದೆ. ಇದು ಜರಿದ್ರೆ ನನ್ನ ಗದ್ದೆ ಇಲ್ಲ. ಯಾರಿಗಾದ್ರೂ ತಿಳಿಸು ಮಾರಾಯ, ನೀನು ಓದಿದವ.”

ಆ್ಯಪಿನಲ್ಲಿ ಬಿರುಕಿಗೆ ಕಾಲಂ ಇರಲಿಲ್ಲ. ಆಳ ತಿಳಿಯಲೆಂದು ಅಕ್ಕ ಬಿರುಕಿನೊಳಗೆ ಭುಜದವರೆಗೆ ಕೈ ಇಳಿಸಿ ಕೂತರು. ಆ ಫೋಟೊವನ್ನು ‘ಇತರೆ’ ಎಂಬಲ್ಲಿ ಸೇರಿಸಿ ಕಳುಹಿಸಿದೆ. ಕಚೇರಿಯಿಂದ ತಕ್ಷಣ ಉತ್ತರ ಬಂತು: ‘ಇದ್ದಿಲು ಕಾಣುತ್ತಿಲ್ಲ. ಕೈ ತೆಗೆಸಿ ಮತ್ತೊಮ್ಮೆ ಕಳುಹಿಸಿ.’

ಕೈ ತೆಗೆಸಿ ಮತ್ತೊಮ್ಮೆ ಕಳುಹಿಸಿದೆ. ನಾನು ಓದಿದವ.

ಶಾಶ್ವತ

ಗುಡ್ಡ ಹಾಡಹಗಲೇ ಜರಿಯಿತು. ಅಕ್ಕ ಕೊಪ್ಪದ ಪೇಟೆಗೆ ಹೋಗಿದ್ದರು, ಉಳಿದರು. ಗದ್ದೆ ಉಳಿಯಲಿಲ್ಲ.

ಹದಿನೈದು ದಿನಗಳ ಬಳಿಕ ನಗರದಿಂದ ಪರಿಶೀಲಕರು ಬಂದರು. ಹೂತ ಇದ್ದಿಲು ಮಣ್ಣಿನಲ್ಲೇ ಇದೆಯೆಂದು ಖಚಿತಪಡಿಸುವುದಷ್ಟೇ ಅವರ ಕೆಲಸ. ಗದ್ದೆಯನ್ನು ಮುಚ್ಚಿದ್ದ ಕೆಂಪು ಮಣ್ಣಿನ ರಾಶಿಯ ಮುಂದೆ ನಿಂತು ಕೇಳಿದರು:

“ಇದ್ದಿಲು ಈಗ ಎಷ್ಟು ಆಳದಲ್ಲಿದೆ?”

ಅಕ್ಕ ತಲೆಯೆತ್ತಿ ಬೋಳಾದ ಗುಡ್ಡವನ್ನು ನೋಡಿದರು.

“ಅಲ್ಲಿ ಮೇಲೆ ಎಷ್ಟು ಖಾಲಿಯಾಗಿದೆಯೋ, ಅಷ್ಟು ಆಳದಲ್ಲಿ.”

ಪರಿಶೀಲಕರು ಬರೆದುಕೊಂಡರು. “ಮುಂದೆ ಯಾರೂ ಹೊರತೆಗೆಯುವ ಸಂಭವವಿಲ್ಲವಷ್ಟೆ?”

“ಇಲ್ಲ ಮಾರಾಯ್ರೆ, ಧೈರ್ಯವಾಗಿ ಬರ್ಕೊಳ್ಳಿ,” ಎಂದರು ಅಕ್ಕ. “ಇನ್ನು ಬಚ್ಚಲೊಲೆಗೆ ಬೇಕು ಅಂದ್ರೂ ನನ್ನ ಕೈ ಅಷ್ಟು ಕೆಳಗೆ ಹೋಗೂದಿಲ್ಲ.”