ತೆಗೆಯಬಾರದ ಬಾಗಿಲು

"ಆರಾಮಾಗಿರಿ. ಆದ್ರೆ ಮೂಲೇಲಿರೋ ಆ ಬಾಗಿಲು ಮಾತ್ರ ತೆಗೀಬೇಡಿ," ಎಂದು ಹೇಳಿ ಗೆಸ್ಟ್ ಹೌಸಿನ ಒಡತಿ ಹೊರಟುಹೋದಳು. ಎಲ್ಲ ಕೆಟ್ಟದ್ದು ಆ ಒಂದು ಮಾತಿನಿಂದ.

ಮದುವೆಯಾದಾಗ ಕೊಟ್ಟ ಮಾತನ್ನು ಪಾರ್ಸೆಲ್ ಗುಮಾಸ್ತ ಈಗ, ತಲೆಗೂದಲು ನೆರೆಯುವ ಹೊತ್ತಿಗೆ, ಉಳಿಸಿಕೊಳ್ಳಲು ಹೊರಟಿದ್ದ. ಹೆಂಡತಿಗೆ ಸಮುದ್ರ ತೋರಿಸಬೇಕು. ಅದಕ್ಕೆಂದೇ ಈ ಹಳೇ ಬಂದರಿನ ಊರಿಗೆ ಬಂದದ್ದು. ರಜೆ ಸಿಕ್ಕಿದ್ದು ಒಂದೇ ದಿನ. ಸಂಜೆ ಬಸ್ಸಿಗೆ ವಾಪಸು.

"ಬನ್ನಿ, ಬಿಸಿಲೇರೋದ್ರೊಳಗೆ ಸಮುದ್ರ ನೋಡ್ಕೊಂಡು ಬರೋಣ," ಎಂದಳು ಹೆಂಡತಿ.

"ಒಂದ್ನಿಮಿಷ ಕಣೇ," ಎಂದು ಗುಮಾಸ್ತ ಬೀಗದ ತೂತಿಗೆ ಕಣ್ಣಿಟ್ಟ. ಬರೀ ಕತ್ತಲೆ. ಕಿವಿಯಿಟ್ಟ. ಸದ್ದಿಲ್ಲ. ಸದ್ದಿಲ್ಲದ್ದೇ ಅನುಮಾನಕ್ಕೆ ಕಾರಣವಾಯಿತು.

ಪಾಪ, ಅವನ ಉದ್ಯೋಗವೇ ಅಂಥದ್ದು. ದಿನವೂ ಊರವರ ಪಾರ್ಸೆಲ್‌ಗಳನ್ನು ತೂಗಿ, ಒಮ್ಮೆ ಅಲುಗಾಡಿಸಿ, ಒಳಗೇನಿದೆಯೆಂದು ತಿಳಿಯದೆಯೇ ಕಳಿಸಿಬಿಡಬೇಕು. ಅಷ್ಟೂ ವರ್ಷಗಳ ಕುತೂಹಲ ಹೊಟ್ಟೆಯಲ್ಲಿ ಹುದುಗು ಬಂದ ಹಿಟ್ಟಿನಂತೆ ಉಬ್ಬಿ ಕೂತಿತ್ತು.

ಪಕ್ಕದ ಕೋಣೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಒಳಬಂದರು. "ಇದು ಕೋಟೆಗೆ ಹೋಗೋ ಸುರಂಗ ಕಣ್ರೀ. ಇಷ್ಟು ಹಳೇ ಊರು, ಸುರಂಗ ಇಲ್ದೆ ಇರುತ್ತಾ?"

ಕಾಫಿ ತಂದ ಅಡುಗೆಯವಳು ದನಿ ತಗ್ಗಿಸಿದಳು. "ಸುರಂಗ ಅಲ್ಲ ಸ್ವಾಮಿ. ಯಾರೋ ಹಡಗಿನವನು ಒಂದು ಪೆಟ್ಟಿಗೆ ಇಟ್ಟು ಹೋದನಂತೆ, ವಾಪಸ್ ಬರಲೇ ಇಲ್ವಂತೆ. ನಾನು ಹೇಳ್ದೆ ಅಂತ ಅಮ್ಮೋರಿಗೆ ಹೇಳ್ಬೇಡಿ."

ಪೆಟ್ಟಿಗೆ ಎಂದದ್ದೇ ತಡ, ಗುಮಾಸ್ತನ ಕೈ ತುರಿಸತೊಡಗಿತು. ಚಮಚದ ಹಿಡಿ ತೂರಿಸಿದ, ಅದು ಸೊಟ್ಟಗಾಯಿತು. ಮೇಷ್ಟ್ರು ತಮ್ಮ ಕೊಡೆ ತಂದು ಮೀಟಿದರು. ಕೊಡೆ ಎರಡು ತುಂಡಾಯಿತು. ಮೇಷ್ಟ್ರು ಅದಕ್ಕೂ ಬಾಗಿಲನ್ನೇ ಬೈದರು. ಇದರಲ್ಲೇ ಮಧ್ಯಾಹ್ನ ಕಳೆದುಹೋಯಿತು. ಹೆಂಡತಿ ಬೆಳಗ್ಗೆಯೇ ಚಪ್ಪಲಿ ಮೆಟ್ಟಿಕೊಂಡವಳು ಹೊಸ್ತಿಲ ಮೇಲೆ ಕೂತೇ ಇದ್ದಳು.

"ಬಾಗಿಲು ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮನೇಲೇ ಇತ್ತಲ್ಲ!" ಎಂದಳು.

ಆದದ್ದಾಗಲಿ ಎಂದು ಗುಮಾಸ್ತ, ಮೇಷ್ಟ್ರು ಇಬ್ಬರೂ ಚಿಲಕ ಹಿಡಿದು, ಗೋಡೆಗೆ ಕಾಲು ಕೊಟ್ಟು ಜಗ್ಗಿದರು. ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಬಂದು ಅವರ ಮೇಲೇ ಬಿತ್ತು. ಹಿಂದೆ ಸುಣ್ಣ ಬಳಿದ ಬರೀ ಗೋಡೆ!

ಸದ್ದು ಕೇಳಿ ಬಂದ ಒಡತಿಗೆ ಕೋಪವೇ ಬರಲಿಲ್ಲ. "ಗುಜರಿ ಬಾಗಿಲು, ನಾನೇ ಗೋಡೆಗೆ ಹೊಡೆಸಿದ್ದು. ಮೊದಲು ಬಂದೋರೆಲ್ಲ ಬಿಸಿನೀರಿಲ್ಲ, ಫ್ಯಾನ್ ತಿರುಗಲ್ಲ, ಕಿಟಕೀಲಿ ಸಮುದ್ರ ಕಾಣಲ್ಲ ಅಂತ ನನ್ನ ಪ್ರಾಣ ತಿನ್ನೋರು. ಇದನ್ನ ಹಾಕಿಸಿದ ಮೇಲೆ ಒಬ್ಬರೂ ಕಮಕ್ ಕಿಮಕ್ ಅಂದಿಲ್ಲ. ಹೋಗ್ಲಿ ಬಿಡಿ. ಆದ್ರೆ ಮಂಚದ ಕೆಳಗೆ ನೆಲದಲ್ಲಿ ಒಂದು ಹಲಗೆ ಇದೆ. ಅದನ್ನ ಮಾತ್ರ ಎತ್ತಬೇಡಿ, ಅದು ಬೇರೆ ವಿಷಯ."

ಗುಮಾಸ್ತನಿಗೆ ನಾಚಿಕೆಯಾಯಿತು. ಬೆಳಗ್ಗೆಯಿಂದ ಕಾದು ಕೂತ ಹೆಂಡತಿ ನೆನಪಾದಳು. ಹೊರಗೆ ಇನ್ನೂ ಬೆಳಕಿತ್ತು. ಓಡಿದರೆ ಸಮುದ್ರ ನೋಡಿಯೇ ಬಸ್ಸು ಹಿಡಿಯಬಹುದು. ಮೈ ಧೂಳು ಕೊಡವಿ, ಚೀಲ ಹೆಗಲಿಗೇರಿಸಿ, "ಏಳೇ, ಓಡೋಣ!" ಎಂದು ತಿರುಗಿದ.

ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಮಂಚದ ಕೆಳಗಿನಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು.

"ಸಮುದ್ರ ಎಲ್ಲಿಗೂ ಓಡಿಹೋಗಲ್ಲ ರೀ," ಎಂದಿತು ಒಳಗಿನ ದನಿ. "ಚೀಲದಲ್ಲಿರೋ ಟಾರ್ಚು ತೆಗೆದು ಸ್ವಲ್ಪ ಈ ಕಡೆ ಹಿಡೀರಿ."