ಅತ್ತೆಯ ಹರಕೆ, ನನ್ನ ತೂಕ

ಅಡಾಜಣ್ ಬಡಾವಣೆಯ ಒಂದೇ ಬಣ್ಣದ ಅಪಾರ್ಟ್‌ಮೆಂಟುಗಳ ನಡುವೆ ಅದೇ ಹಾಲಿನ ಅಂಗಡಿ ಮತ್ತೆ ಎದುರಾದಾಗ, ದಾರಿ ತಪ್ಪಿದೆ ಎಂದು ಒಪ್ಪಿಕೊಂಡೆ. ದುಬೈ, ಬಾಲಿ, ಬ್ಯಾಂಕಾಕ್ ಸುತ್ತಿ ಬಂದವಳು ಸೂರತ್ತಿನಲ್ಲಿ ಕಳೆದುಹೋಗಿದ್ದೆ. ನನ್ನ ಕೆಲಸ ಆಪರೇಷನ್ ಆದವರಿಗೆ ಮಸಾಜ್ ಮಾಡುವುದು. ಡಾಕ್ಟರು ಸರಿ ಎಂದ ಮೇಲೆ, ಗಾಯದ ತಂಟೆಗೆ ಹೋಗದೆ, ಕೈ ಭುಜ ಬೆನ್ನು ಹಗುರಾಗಿ ಒತ್ತಿ ನೋವನ್ನೂ ಹೆದರಿಕೆಯನ್ನೂ ಇಳಿಸುತ್ತೇನೆ. ಗಂಭೀರವಾದ ಕೆಲಸವೇ. ಆದರೂ ನಾನು ಕಾಲಿಟ್ಟಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ದಾರಿ

ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದ ಕಾವಲುಗಾರ ಕಾಕಾನನ್ನು ವಿಳಾಸ ಕೇಳಿದೆ. ಯಾರ ಮನೆ, ಏನು ಕಾಯಿಲೆ, ನೀವೇನು ಮಾಡುತ್ತೀರಿ ಎಂದೆಲ್ಲ ವಿಚಾರಿಸಿದ. ಮಾಲೀಶ್ ಎಂದದ್ದೇ ತಪ್ಪಾಯಿತು. ಬಲ ಭುಜ ಮುಂದೆ ಮಾಡಿ, ವರ್ಷದಿಂದ ಹಿಡಿದುಕೊಂಡಿದೆ ಬೆಹೆನ್ ಎಂದ. ಬಿಸಿಲಲ್ಲಿ ನಿಂತು ಒತ್ತಿದೆ. ಎಡಗಡೆಯೂ ಸ್ವಲ್ಪ ಎಂದ. ಅದೂ ಆಯಿತು. ಆಮೇಲೆ ಕುತ್ತಿಗೆ ಅತ್ತಿತ್ತ ತಿರುಗಿಸಿ ನೋಡಿ, ಸಮಾಧಾನದಿಂದ ಹೇಳಿದ, "ನೀವು ಕೇಳಿದ ಬಿಲ್ಡಿಂಗ್ ಇದೇ."

ನೋವು ಎಲ್ಲಿ, ಕೈ ಎಲ್ಲಿ

ಮೇಲೆ ಕಾಯುತ್ತಿದ್ದದ್ದು ಧಾರವಾಡದ ಕಡೆಯ ಅತ್ತೆ ಸೊಸೆ. ಸೊಸೆ ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಸೂರತ್ತಿಗೆ ಬಂದವರು. ಅವರದೇ ಬಲ ಮೊಣಕಾಲನ್ನು ಆಪರೇಷನ್ ಮಾಡಿ ಬದಲಿಸಿದ್ದರು. ಆಸ್ಪತ್ರೆಯಲ್ಲಿ ಹಾಗೂ ಹೀಗೂ ನಡೆದವರು, ಮನೆಗೆ ಬಂದ ಮೇಲೆ ಹೆದರಿ ನೆಲಕ್ಕೆ ಕಾಲೇ ಊರುತ್ತಿರಲಿಲ್ಲ. ಈಗ ನಡೆಯದಿದ್ದರೆ ಕಾಲು ಸೆಟೆದು ಹಾಗೇ ನಿಂತೀತು ಎಂದು ಡಾಕ್ಟರು ಎಚ್ಚರಿಸಿದ್ದರು. ವಾಕರ್ ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಟವೆಲ್ ಒಣಗುತ್ತಿತ್ತು.

ಆಪರೇಷನ್ ಆದ ಕಾಲನ್ನು ನಾನು ಮುಟ್ಟುವಂತಿರಲಿಲ್ಲ. ಸೊಸೆಯ ಅಂಗೈ ಒತ್ತತೊಡಗಿದೆ.

"ನೋವು ಮೊಣಕಾಲಾಗ ಅದ, ನೀ ಕೈ ಒತ್ತಲಿಕ್ಕತ್ತೀಯಲ್ಲ ತಂಗಿ," ಎಂದರು ಅತ್ತೆ.

ಹೆದರಿಕೆ ಕೈಯಲ್ಲಿದೆ, ನೋಡಿ ಹೇಗೆ ಮುಷ್ಟಿ ಬಿಗಿದಿದ್ದಾರೆ ಎಂದೆ. ಅತ್ತೆ ಯೋಚಿಸಿ, ತಮ್ಮ ಎರಡೂ ಮುಷ್ಟಿ ಬಿಗಿದು ನನ್ನ ಮುಂದೆ ಚಾಚಿದರು.

ವಿಜ್ಞಾನಿಯ ವಿಶ್ರಾಂತಿ

ಸೊಸೆಯ ಮನಸ್ಸು ಮೊಣಕಾಲಿನಿಂದ ಆಚೆ ಹೋಗಲೆಂದು ದಿನಕ್ಕೊಂದು ಕಥೆ ಹೇಳುತ್ತಿದ್ದೆ. ಅಹಮದಾಬಾದಿನಲ್ಲಿ ನಮ್ಮ ಕನ್ನಡದವರೇ ಒಬ್ಬ ವಿಜ್ಞಾನಿ, ಪಿತ್ತಕೋಶ ತೆಗೆಸಿಕೊಂಡವರು. ಬೆರಳಿಗೆ ನಾಡಿ ತೋರಿಸುವ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಮಸಾಜಿಗೆ ಕೂತರು. ನಾಡಿ ಇಳಿಯದಿದ್ದರೆ ನಿಮ್ಮ ವಿದ್ಯೆಯನ್ನು ನಂಬುವುದಿಲ್ಲ ಎಂದರು. ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದರೆ ನಾಡಿ ಏರದೆ ಇನ್ನೇನು? ಕೊನೆಗೆ ಹೆಂಡತಿ ಬಂದು ಅದನ್ನು ಕಿತ್ತು ಅಡುಗೆಮನೆಗೆ ಒಯ್ದರು. ಮಹಾಶಯರು ಗೊರಕೆ ಹೊಡೆದರು. ಎದ್ದವರೇ ಹೇಳಿದರು, "ಇದಕ್ಕೆ ಪುರಾವೆ ಇಲ್ಲ."

ಆರೋಗ್ಯ ವಿಚಾರಿಸುವವರು

ಮರುದಿನದ ಕಥೆ, ವಡೋದರಾದ ಆಲ್ಕಾಪುರಿಯಲ್ಲಿ ಹರ್ನಿಯಾ ಆಪರೇಷನ್ ಆದ ವ್ಯಾಪಾರಿಯೊಬ್ಬರದು. ಈ ಕಡೆ ಯಾರಿಗಾದರೂ ಆಪರೇಷನ್ ಆದರೆ ಬಂಧುಗಳು ಹಿಂಡುಹಿಂಡಾಗಿ ವಿಚಾರಿಸಲು ಬರಬೇಕು. ಬಂದವರೆಲ್ಲ, ನಮ್ಮ ಸೋದರಮಾವನಿಗೂ ಇದೇ ಆಗಿತ್ತು, ಪಾಪ, ಎಂದು ಶುರು ಮಾಡುತ್ತಿದ್ದರು. ನಾನು ಇಳಿಸಿದ ಹೆದರಿಕೆಯನ್ನು ಅವರು ಮತ್ತೆ ಏರಿಸಿ ಹೋಗುತ್ತಿದ್ದರು. ಒಂದು ದಿನ ಉಪಾಯ ಹೂಡಿದೆ. ಮೊದಲು ಬಂಧುಗಳಿಗೆ ಮಾಡಬೇಕು, ಇದು ಚಿಕಿತ್ಸೆಯ ಕ್ರಮ ಎಂದು ಎಲ್ಲರ ತಲೆ ಒತ್ತಿದೆ. ಸೋಫಾದ ತುಂಬ ನಿದ್ದೆ. ರೋಗಿ ತಾವೇ ಮೆಲ್ಲಗೆ ಎದ್ದು ಬಂದು ಆ ಸಾಲನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು, "ನಗಿಸಬೇಡಿ, ಹೊಲಿಗೆ ಎಳೆಯುತ್ತೆ," ಎನ್ನುತ್ತಾ ನನಗೆ ಚಾ ಮಾಡಿಕೊಟ್ಟರು. ಸಕ್ಕರೆಯ ಬದಲು ಉಪ್ಪು ಹಾಕಿದ್ದರು.

ಹರಕೆ

ಸೊಸೆ ನಕ್ಕರು, ನಿದ್ದೆ ಮಾಡಿದರು, ನೋವು ಕಡಿಮೆ ಎಂದರು. ಆದರೆ ಕಾಲು ಮಾತ್ರ ಊರಲಿಲ್ಲ. ಡಾಕ್ಟರು ಮುಖ ಸಿಂಡರಿಸತೊಡಗಿದರು. ಒಂದು ಬೆಳಿಗ್ಗೆ ಅತ್ತೆ ದೇವರ ಮುಂದಿನಿಂದ ಎದ್ದು ಬಂದು, ಹರಕೆ ಹೊತ್ತಿದ್ದೇನೆ ಎಂದರು. ಸೊಸೆ ಬಾಗಿಲವರೆಗೆ ನಡೆದರೆ ಬೆಲ್ಲದ ತುಲಾಭಾರ.

ನನಗೋ ಎಂದರು ಸೊಸೆ.

"ನಿನಗ್ಯಾಕ? ನಡಸಿದಾಕಿಗೆ."

ಸೊಸೆ ನನ್ನನ್ನು ಮೇಲಿಂದ ಕೆಳಗೆ, ಆಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನೋಡಿದರು. ಎರಡನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಹಾಸಿಗೆ ಅಲುಗುವಂತೆ ನಕ್ಕರು. ಕಣ್ಣೊರೆಸಿಕೊಂಡು, "ಅತ್ತಿ, ಆ ವಾಕರ್ ತರ್ರಿ. ಇದನ್ನ ನೋಡ್ಲಿಕ್ಕರೆ ನಾ ನಡೀಬೇಕು," ಎಂದರು. ಕಾಲು ಊರಿದರು. ಬಿಗಿಹಿಡಿದ ತುಟಿಯಲ್ಲೂ ನಗುತ್ತಾ ಬಾಗಿಲು ಮುಟ್ಟಿದರು. ಅತ್ತೆ ಅಳುತ್ತಿದ್ದರು. ನಾನು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದೆ.

ಸೊಸೆ ಹೊರಗೆ ಓಡಾಡಬಹುದೆಂದು ಡಾಕ್ಟರು ಒಪ್ಪಿದ ಮೇಲೆ ದೇವಸ್ಥಾನಕ್ಕೆ ಹೋದೆವು. ದೇವರ ಸಾಲ, ತೀರಿಸಲೇಬೇಕು. ತಕ್ಕಡಿಯಲ್ಲಿ ಕೂತೆ. ಎದುರು ತಟ್ಟೆಗೆ ಬೆಲ್ಲ ಏರುತ್ತಲೇ ಹೋಯಿತು. ನಾನು ಅಲುಗಲಿಲ್ಲ. ತಂದ ಬೆಲ್ಲ ಮುಗಿಯಿತು. ಅತ್ತೆ ನನ್ನ ಬಳೆ ಬಿಚ್ಚಿಸಿದರು, ಉಸಿರು ಬಿಡು ಎಂದರು. ಸುತ್ತ ಜನ ಸೇರಿದರು. ನಾನೇ ತರುತ್ತೇನೆ ಎಂದು ಸೊಸೆ ಕೋಲೂರಿಕೊಂಡು ಗೇಟಿನ ಅಂಗಡಿಗೆ ನಡೆದರು. ಕಾಲನ್ನು ಒಮ್ಮೆಯೂ ನೋಡಿಕೊಳ್ಳಲಿಲ್ಲ. ಹೆಗಲಚೀಲದಿಂದ ಬೆಲ್ಲದ ಅಚ್ಚು ತೆಗೆದು ಮೆಲ್ಲಗೆ ತಟ್ಟೆಗಿಟ್ಟರು. ನನ್ನ ತಟ್ಟೆ ನೆಲ ಬಿಟ್ಟಿತು. ಸಾಲ ತೀರಿತು.

ಅತ್ತೆ ಗರ್ಭಗುಡಿಯತ್ತ ಕೈಮುಗಿದರು.

"ಇಕಿದು ಇನ್ನೊಂದು ಮೊಣಕಾಲು ಬಾಕಿ ಅದ, ತಾಯಿ. ಅದಕ್ಕ ಬರೇ ಕಾಯಿ ಒಡಸ್ತೀನಿ."